ಒಂದು ಹನಿಯೂ ಹೊರಗೆ ಹೋಗಲ್ಲ, ಸರಿ. ಉಪ್ಪು?

ನಮಸ್ಕಾರ. ಕಾರ್ಖಾನೆಗಳ ಕೊಳಚೆ ನೀರನ್ನು ಒಂದು ಹನಿಯೂ ಹೊರಬಿಡದೆ ಮರುಬಳಸುವ ‘ಶೂನ್ಯ ವಿಸರ್ಜನೆ’ ಪದ್ಧತಿ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಎರಡು ಪ್ರಶ್ನೆ ಕೇಳಿದ್ದೀರಿ. ನೀರೆಲ್ಲ ವಾಪಸ್ ಬಂದರೆ ಕೊಳೆ ಎಲ್ಲಿ ಮಾಯವಾಯಿತು? ನಿಮ್ಮ ಸಣ್ಣ ಘಟಕಕ್ಕೆ ಯಾವ ಯಂತ್ರ ಕೊಳ್ಳಬೇಕು?

ಮಾಯ ಆಗಲಿಲ್ಲ. ಅದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದು ನಮ್ಮದೇ ತಪ್ಪು.

ದಿನಕ್ಕೆ 1 ಲಕ್ಷ ಲೀಟರ್ ಕೊಳಚೆ ನೀರು, ಲೀಟರಿಗೆ 5 ಗ್ರಾಂ ಕರಗಿದ ಉಪ್ಪು ಅಂತ ಇಟ್ಟುಕೊಳ್ಳಿ. ಅಲ್ಲಿಗೆ 500 ಕಿಲೋ ಉಪ್ಪಾಯಿತು. ಶುದ್ಧೀಕರಣ ತೊಟ್ಟಿಯ ಬ್ಯಾಕ್ಟೀರಿಯಾ ಬೇರೆ ಕೊಳೆ ತಿಂದಾವು, ಉಪ್ಪನ್ನು ಮುಟ್ಟುವುದಿಲ್ಲ. ಆಮೇಲೆ ಆರ್‌ಒ, ಅಂದರೆ ನೀರನ್ನು ಪಂಪಿನಿಂದ ಒತ್ತಿ ತೆಳು ಪೊರೆಯ ಮೂಲಕ ಸೋಸಿ ಉಪ್ಪನ್ನು ತಡೆಯುವ ಯಂತ್ರ, 80 ಸಾವಿರ ಲೀಟರ್ ಒಳ್ಳೆ ನೀರು ಕೊಟ್ಟರೂ, ಉಳಿದ 20 ಸಾವಿರ ಲೀಟರಿನಲ್ಲಿ ಹೆಚ್ಚೂಕಮ್ಮಿ ಆ 500 ಕಿಲೋ ಹಾಗೇ ಕೂತಿರುತ್ತದೆ. ಇನ್ನೂ ಹಿಂಡಬಹುದು. ಆದರೆ ಲೀಟರಿಗೆ 70 ಗ್ರಾಂ ಹತ್ತಿರ ಬಂದಾಗ ಮಾಮೂಲಿ ಆರ್‌ಒ ಕೈಚೆಲ್ಲುತ್ತದೆ, ಯಾಕಂದರೆ ನೀರು ಉಪ್ಪಾದಷ್ಟೂ ಪಂಪು ಜೋರಾಗಿ ತಳ್ಳಬೇಕಲ್ವಾ.

ಮುಂದಿನದು ಕುದಿಸುವ ಕೆಲಸ. ದುಡ್ಡು ಕರಗುವುದು ಇಲ್ಲೇ. ಸಾವಿರ ಲೀಟರ್ ಸಮುದ್ರದ ನೀರನ್ನು ಆರ್‌ಒದಲ್ಲಿ ಸಿಹಿ ಮಾಡಲು 3-4 ಯೂನಿಟ್ ಕರೆಂಟು ಸಾಕು, ಅಷ್ಟೇ ನೀರನ್ನು ಸುಮ್ನೆ ಕುದಿಸಿ ಆವಿ ಮಾಡಲು 600 ಯೂನಿಟ್‌ಗೂ ಜಾಸ್ತಿ ಶಾಖ ಬೇಕು. ಅದಕ್ಕೇ ಎದ್ದ ಆವಿಯನ್ನು ಹೊರಗೆ ಬಿಡದೆ, ಕಂಪ್ರೆಸರ್‌ನಲ್ಲಿ ಒತ್ತಿ ಇನ್ನಷ್ಟು ಬಿಸಿ ಮಾಡಿ, ಅದರ ಶಾಖದಲ್ಲೇ ಉಳಿದ ನೀರನ್ನು ಕುದಿಸುವ ಪದ್ಧತಿ ಬಂತು. ಶಕ್ತಿಯ ಖರ್ಚು ಹತ್ತರಲ್ಲೊಂದು ಪಾಲಿಗಿಂತ ಕೆಳಗೆ ಇಳಿಯುತ್ತದೆ. ಕೊಳವೆಗಳು ಚೊಕ್ಕಟವಾಗಿದ್ದರೆ ಮಾತ್ರ, ನೆನಪಿರಲಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಕ್ಯಾಲ್ಸಿಯಂ, ಸಿಲಿಕಾ ಸೇರಿ ಅಂಥದ್ದೇ ಇಲ್ಲೂ ಕಟ್ಟುತ್ತದೆ. ಉಗುರಿನಷ್ಟು ದಪ್ಪವಾದರೂ ಶಾಖ ದಾಟುವುದು ಕಷ್ಟ.

ಆವಿ ತಣಿದು ಬಂದ ನೀರು ಶುದ್ಧವೇ ಅಂತಲೂ ತಿಳಿಯಬೇಡಿ. ನೋಡಲು ತಿಳಿಯಾಗಿರುತ್ತದೆ, ಮೂಗಿನ ಹತ್ತಿರ ಹಿಡಿದರೆ ಅಮೋನಿಯಾ, ದ್ರಾವಕಗಳ ವಾಸನೆ ಗಪ್ಪನೆ ಹೊಡೆಯಬಹುದು. ಅವೂ ಆವಿಯ ಜೊತೆ ಹಾರಿ ಬರುತ್ತವೆ.

ಕೊನೆಗೆ ಉಳಿಯುವುದು ಒದ್ದೆ ಉಪ್ಪಿನ ರಾಶಿ. ಒಂದೇ ಜಾತಿಯದಾದರೆ, ಉದಾಹರಣೆಗೆ ಸೋಡಿಯಂ ಸಲ್ಫೇಟ್, ಶುದ್ಧವಾಗಿದ್ದರೆ ಬಟ್ಟೆಗೆ ಬಣ್ಣ ಹಾಕಲು ಮತ್ತೆ ಬಳಸಬಹುದು. ಕಲಬೆರಕೆ ಉಪ್ಪನ್ನು ಕೇಳುವವರಿಲ್ಲ. ಅದನ್ನು ಸೂರಿನ ಕೆಳಗೆ, ನೀರು ಇಂಗದ ನೆಲದ ಮೇಲೆ ಇಡಬೇಕು, ಇಲ್ಲದಿದ್ದರೆ ಒಂದೇ ಮಳೆಗೆ ಕರಗಿ ಮತ್ತೆ ಕೊಳಚೆ ನೀರೇ ಆಗುತ್ತದೆ. ‘ಶೂನ್ಯ’ ಅನ್ನುವ ಪದ ನನಗೆ ಅಷ್ಟು ಇಷ್ಟವಾಗದಿರುವುದು ಇದಕ್ಕೇ.

ಇನ್ನು ಯಂತ್ರ. ಅದು ಆಮೇಲೆ. ಮೊದಲು ಘಟಕದ ಒಂದೊಂದು ಚರಂಡಿಯಿಂದಲೂ ಒಂದೊಂದು ಬಾಟಲಿ ನೀರು ಹಿಡಿದು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಉಪ್ಪು-ಖನಿಜಗಳ ಒಟ್ಟು ಪ್ರಮಾಣ, ಅಳೆಯಿರಿ. ಎಷ್ಟೋ ಕಡೆ ಉಪ್ಪಿನ ದೊಡ್ಡ ಪಾಲು ಒಂದೆರಡು ಸಣ್ಣ ಚರಂಡಿಗಳಿಂದಲೇ ಬರುತ್ತದೆ. ಆ ಚರಂಡಿಗಳ ನೀರು ಘಟಕದಲ್ಲಿ ತೊಳೆಯಲು ಬಳಸಿದ ನೀರಿನ ಜೊತೆ ಸೇರದಂತೆ ಬೇರೆ ಪೈಪಿಗೆ ತಿರುಗಿಸಿದರೆ, ಕುದಿಸಬೇಕಾದ ನೀರು ಎಷ್ಟು ಉಳಿಯುತ್ತದೆ ನೋಡಿ, ಆ ಅಂಕಿ ಹಿಡಿದುಕೊಂಡು ಯಂತ್ರ ಮಾರುವವರ ಹತ್ತಿರ ಹೋಗಿ.