ಮೂರು ದಿನ ಮೊದಲೇ ಗೊತ್ತಾದರೂ ಚಂಡಮಾರುತಕ್ಕೆ ನಗರ ಖಾಲಿ ಮಾಡಿಸೋದು ಯಾಕೆ ಕಷ್ಟ?

ಎಲ್ಲರೂ ಒಟ್ಟಿಗೇ ಹೊರಡುತ್ತಾರೆ, ಅದಕ್ಕೆ. ಮೂರು ದಿನ ಮೊದಲು ಗಾಳಿ ಬರುತ್ತೆ ಅಂತ ಗೊತ್ತಾಗುತ್ತದೆ, ನಿಜ. ಆದರೆ ಯಾವ ಊರಿಗೆ ಅನ್ನುವುದರಲ್ಲಿ ನೂರು ಕಿಲೋಮೀಟರಿಗೂ ಜಾಸ್ತಿ ಹೆಚ್ಚುಕಮ್ಮಿ ಆಗಬಹುದು. ಖಾತ್ರಿಯಾಗಲಿ ಅಂತ ಕಾದರೆ ಹೊರಡಲು ಹೊತ್ತೇ ಉಳಿಯುವುದಿಲ್ಲ.

ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಎಳೆದು ಮುಗಿದ ಸಂಜೆ ನೆನೆಸಿಕೊಳ್ಳಿ. ಬಸ್ಸು ಹತ್ತಿ ಕೂತು ಅರ್ಧ ತಾಸಾದರೂ ಕಿಟಕಿಯಾಚೆ ಅದೇ ಮಿರ್ಚಿ ಬಂಡಿ! ರಸ್ತೆ ಕಟ್ಟುವುದು ದಿನದ ಓಡಾಟಕ್ಕೆ, ಇಡೀ ಊರು ಒಮ್ಮೆಗೇ ಎದ್ದು ಹೊರಡುವುದಕ್ಕಲ್ಲ.

2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಅಮೆರಿಕದ ಹ್ಯೂಸ್ಟನ್ ಸುತ್ತಲಿನ 20 ಲಕ್ಷಕ್ಕೂ ಜಾಸ್ತಿ ಜನ ಹೊರಟರು. ಸುಡುಬಿಸಿಲಲ್ಲಿ ಗಾಡಿಗಳು ತಾಸುಗಟ್ಟಲೆ ನಿಂತವು, ಪೆಟ್ರೋಲ್ ಮುಗಿಯಿತು. ವಯಸ್ಸಾದವರಿದ್ದ ಒಂದು ಬಸ್ಸಿಗೆ ಬೆಂಕಿ ಹತ್ತಿ 23 ಜನ ತೀರಿಕೊಂಡರು. ಆಮೇಲೆ ನೋಡಿದರೆ ಗಾಳಿ ಪೂರ್ವಕ್ಕೆ ಸರಿದಿತ್ತು, ಹ್ಯೂಸ್ಟನ್‌ಗೆ ನೇರ ಹೊಡೆತ ಬೀಳಲೇ ಇಲ್ಲ.

ಇಂಥದ್ದನ್ನು ಒಮ್ಮೆ ಅನುಭವಿಸಿದವರು ಮುಂದಿನ ಸಲ ಸುಮ್ನೆ ಹೊರಡುತ್ತಾರಾ? ಹಾಗಾಗಿ ಸಮುದ್ರದ ನೀರು ನುಗ್ಗುವ ತಗ್ಗು ಬಡಾವಣೆಗಳವರನ್ನು ಮೊದಲು ಕಳಿಸುತ್ತಾರೆ. ಉಳಿದವರಿಗೆ ಗಟ್ಟಿ ಮನೆಯಲ್ಲೇ ಇರಿ ಅನ್ನುತ್ತಾರೆ.