ಮಯಾಮಿಯ ಕಟ್ಟಡಗಳೂ ಕೊಕೇನ್ ಹಣವೂ

ನಮಸ್ಕಾರ. ಅಮೆರಿಕದ ಮಯಾಮಿ ನಗರದ ಗಗನಚುಂಬಿ ಕಟ್ಟಡಗಳೆಲ್ಲ ಕೊಕೇನ್ ಹಣದಿಂದಲೇ ಎದ್ದವೇ ಎಂದು ಕೇಳಿದ್ದೀರಿ. ಎಲ್ಲವೂ ಅಲ್ಲ. ಲ್ಯಾಟಿನ್ ಅಮೆರಿಕದ ಜೊತೆಗಿನ ವ್ಯಾಪಾರ, ಕ್ಯೂಬಾದಿಂದ ಬಂದವರ ದುಡಿಮೆ, ಪ್ರವಾಸೋದ್ಯಮ ಇವೂ ಆ ನಗರವನ್ನು ಬೆಳೆಸಿದವು. ಆದರೆ ಕೊಕೇನ್ ಹಣದ ಪಾಲನ್ನು ಅಲ್ಲಗಳೆಯುವಂತೆಯೇ ಇಲ್ಲ. 1970ರ ದಶಕದ ಕೊನೆಗೆ ಅಲ್ಲಿನ ಫೆಡರಲ್ ರಿಸರ್ವ್ (ಅಮೆರಿಕದ ಕೇಂದ್ರ ಬ್ಯಾಂಕು) ಶಾಖೆಗೆ, ಹೊರಹೋದದ್ದಕ್ಕಿಂತ ನೂರಾರು ಕೋಟಿ ಡಾಲರ್ ಹೆಚ್ಚು ನಗದು ಬಂದು ಬೀಳುತ್ತಿತ್ತು. ರಟ್ಟಿನ ಪೆಟ್ಟಿಗೆಗಳಲ್ಲಿ ನೋಟು ತುಂಬಿಕೊಂಡು ಜನ ಬ್ಯಾಂಕಿಗೆ ಬರುತ್ತಿದ್ದರು. 10,000 ಡಾಲರ್ ಮೀರಿದ ನಗದನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಆಗಲೇ ಇತ್ತು. ಕೆಲವು ಬ್ಯಾಂಕುಗಳು ಕಂಡೂ ಕಾಣದಂತಿದ್ದವು. ನನಗೆ ಸಿಟ್ಟು ಬರುವುದು ಇಲ್ಲಿಯೇ. ಆ ಹಣ ಮನೆ, ಕಾರು, ಒಡವೆಗಳಾಗಿ ಊರಿನ ವ್ಯವಹಾರದೊಳಗೆ ಬೆರೆತುಹೋಯಿತು.

ಅದಕ್ಕೆ ಬೆಲೆ ತೆತ್ತವರಲ್ಲಿ ಸಾಮಾನ್ಯ ಜನರೂ ಇದ್ದರು. 1979ರ ಜುಲೈನಲ್ಲಿ ಡೇಡ್‌ಲ್ಯಾಂಡ್ ಮಾಲ್‌ನ ಮದ್ಯದಂಗಡಿಯೊಳಗೆ ಹಾಡಹಗಲೇ ಕೊಕೇನ್ ಗುಂಪುಗಳ ಹಗೆತನದಲ್ಲಿ ಇಬ್ಬರನ್ನು ಗುಂಡಿಟ್ಟು ಕೊಂದರು. ಅಂಗಡಿಯ ನೌಕರರೂ ಗಾಯಗೊಂಡರು. ಕೊಲೆಗಾರರು ಬಿಟ್ಟುಹೋದ ವ್ಯಾನಿನ ಮೈಮೇಲೆ ಪಾರ್ಟಿ ಸಾಮಗ್ರಿ ಅಂಗಡಿಯ ಹೆಸರು, ಒಳಗೆ ರಾಶಿ ಬಂದೂಕು. 1981ರಲ್ಲಿ ಶವಾಗಾರ ತುಂಬಿಹೋಗಿ, ಹೆಣಗಳನ್ನಿಡಲು ಶೈತ್ಯೀಕರಿಸಿದ ಲಾರಿಯನ್ನು ಬಾಡಿಗೆಗೆ ತರಬೇಕಾಯಿತು. 1985ರಲ್ಲಂತೂ ಮಯಾಮಿ ನದಿಯ ದೋಣಿಯೊಂದರ ಮೇಲೆ ಎರಗಿ ಕೊಕೇನ್ ದೋಚಿದವರು ಪೊಲೀಸರೇ. ಅವರಿಂದ ತಪ್ಪಿಸಿಕೊಳ್ಳಲು ದೋಣಿಯಿಂದ ನೀರಿಗೆ ಹಾರಿದ ಮೂವರು ಕಳ್ಳಸಾಗಣೆದಾರರು ಮುಳುಗಿ ಸತ್ತರು.