ಮಳೆಗಾಲಕ್ಕೆ ಬೈಕ್ ಚೈನ್

ಪ್ರಶ್ನೆ: ಮೂಡಿಗೆರೆ ಮಳೆಯಲ್ಲಿ ದಿನಾ ಬೈಕ್ ಓಡಿಸುತ್ತೇನೆ. ಚೈನಿಗೆ ಹಳೇ ಇಂಜಿನ್ ಆಯಿಲ್ ಹಾಕಿದರೂ ತುಕ್ಕು ಹಿಡಿದು ಕಿರ್ ಕಿರ್ ಅನ್ನುತ್ತದೆ. ಏನು ಮಾಡಲಿ?

ಉತ್ತರ: ಹಳೇ ಆಯಿಲ್ ಬೇಡವೇ ಬೇಡ, ಅದರಲ್ಲಿ ಮಸಿ, ಲೋಹದ ಪುಡಿ ಇರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್‌ನಿಂದ ಕೆಸರು ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಪೆಟ್ರೋಲ್ ಬಳಸಬೇಡಿ, ಓ-ರಿಂಗ್ ಚೈನ್ (ಕೊಂಡಿಗಳ ನಡುವೆ ರಬ್ಬರ್ ಉಂಗುರ ಇರುವಂಥದ್ದು) ಆದರೆ ಆ ರಬ್ಬರ್ ಹಾಳಾಗುತ್ತದೆ. ಆಮೇಲೆ 90 ನಂಬರಿನ ಗೇರ್ ಆಯಿಲನ್ನು ಚೈನಿನ ಒಳಬದಿಗೆ (ಹಲ್ಲುಚಕ್ರಕ್ಕೆ ತಾಗುವ ಬದಿಗೆ), ಹಿಂದಿನ ಚಕ್ರ ಕೈಯಲ್ಲೇ ತಿರುಗಿಸುತ್ತಾ, ಒಂದೊಂದು ರೋಲರಿಗೂ ಒಂದೊಂದು ಹನಿ ಬೀಳುವ ಹಾಗೆ ಹಾಕಿ. ಓಡುವಾಗ ಎಣ್ಣೆ ಹೊರಕ್ಕೇ ಚಿಮ್ಮುತ್ತೆ ಅಲ್ವಾ, ಒಳಗಿಂದ ಹಾಕಿದರೆ ಚೈನಿನೊಳಗೇ ಇಳಿಯುತ್ತದೆ. ಇಂಜಿನ್ ಆನ್ ಮಾಡಿ ಮಾತ್ರ ತಿರುಗಿಸಬೇಡಿ, ಬೆರಳು ಸಿಕ್ಕಿದರೆ ತುಂಡೇ! ಸಂಜೆ ಮನೆಗೆ ಬಂದ ಮೇಲೆ, ಚೈನ್ ಇನ್ನೂ ಬೆಚ್ಚಗಿರುವಾಗ ಹಾಕಿದರೆ ಒಳ್ಳೆಯದು. ಬೇಸಿಗೆಯಲ್ಲಿ 500 ಕಿ.ಮೀ.ಗೊಮ್ಮೆ ಸಾಕು, ನಿಮ್ಮ ಜುಲೈ ಮಳೆಗೆ ವಾರಕ್ಕೊಮ್ಮೆಯಾದರೂ ಬೇಕು.